ಸೈನ್ಯವೋ, ಸಂಧಾನವೋ: ಚರ್ಚಾಸ್ಪರ್ಧೆಗೆ ಯಾವ ಪಕ್ಷ?

ಕಾರವಾರದ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆ ನೋಡಿ ಇಳಿಯುವಾಗ ಶಿರಸಿಯ ತಂಗಿಯ ಮಗಳು ಕೇಳಿದಳು: "ಮಾವ, ಬೇರೆ ದೇಶದ ಅಂತರ್ಯುದ್ಧ ತಡೆಯೋಕೆ ಸೈನ್ಯ ಕಳಿಸೋದು ಒಳ್ಳೇದೋ, ಮಾತುಕತೆಯೋ? ಸ್ಪರ್ಧೆಗೆ ಯಾವ ಪಕ್ಷ ಹಿಡೀಲಿ?"

ಸೈನ್ಯದ ಪರ ಮಾತಾಡುವವರಿಗೆ ಶ್ರೀಲಂಕಾ ಕಷ್ಟದ ಉದಾಹರಣೆ. 1987ರ ಜುಲೈನ ಭಾರತ-ಶ್ರೀಲಂಕಾ ಒಪ್ಪಂದದ ಮೇಲೆ ನಮ್ಮ ಪಡೆ ಹೋದಾಗ ಅಲ್ಲಿ ಯುದ್ಧ ಶುರುವಾಗಿ ನಾಲ್ಕು ವರ್ಷವಾಗಿತ್ತು. ಕೆಲವೇ ತಿಂಗಳಲ್ಲಿ ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಜೊತೆಗೇ ಕಾದಾಟ. 1990ರಲ್ಲಿ ವಾಪಸಾಗುವಷ್ಟರಲ್ಲಿ ನಮ್ಮ ಸಾವಿರಕ್ಕೂ ಜಾಸ್ತಿ ಯೋಧರು ಸತ್ತಿದ್ದರು.

ಸೈನ್ಯದ ಪರವೇ ವಾದಿಸುವುದಾದರೆ ಯುರೋಪಿನ ಮ್ಯಾಸಿಡೋನಿಯಾ (ಈಗಿನ ಉತ್ತರ ಮ್ಯಾಸಿಡೋನಿಯಾ) ಹಿಡಿ ಎಂದೆ. ಸುತ್ತಲಿನ ಯುಗೊಸ್ಲಾವಿಯಾ ಉರಿಯುತ್ತಿದ್ದಾಗ, ಅಲ್ಲಿ ಗುಂಡು ಹಾರುವ ಮೊದಲೇ, ವಿಶ್ವಸಂಸ್ಥೆ ಗಡಿ ಕಾಯಲು ಪಡೆ ಇಟ್ಟಿತು. ಆರು ವರ್ಷ ತಣ್ಣಗಿತ್ತು. 1999ರಲ್ಲಿ ಆ ದೇಶ ತೈವಾನ್‌ಗೆ ಮಾನ್ಯತೆ ಕೊಟ್ಟಿತು. ತೈವಾನ್ ತನ್ನದೇ ಭಾಗ ಎನ್ನುವ ಚೀನಾ, ಭದ್ರತಾ ಮಂಡಳಿಯಲ್ಲಿ ಪಡೆಯ ಅವಧಿ ವಿಸ್ತರಣೆಗೆ ವೀಟೊ ಹಾಕಿತು, ಪಡೆ ಗಂಟುಮೂಟೆ ಕಟ್ಟಿತು. ಎಲ್ಲಿಯ ತೈವಾನ್, ಎಲ್ಲಿಯ ಮ್ಯಾಸಿಡೋನಿಯಾ, ಅಲ್ವಾ? 2001ರಲ್ಲಿ ಅಲ್ಲೂ ಬಂದೂಕು ಮೇಲೆದ್ದವು. ವೀಟೊ ಒಂದೇ ಕಾರಣ ಅನ್ನಬೇಡ. ನಡುವೆ ಪಕ್ಕದ ಕೊಸೊವೊದ ಯುದ್ಧವೂ ಇತ್ತು.

ಸಂಧಾನಕ್ಕೆ ಕೀನ್ಯಾ. 2007ರ ಡಿಸೆಂಬರ್ ಚುನಾವಣೆಯ ಜಗಳದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ವಾರಗಟ್ಟಲೆ ಅಲ್ಲೇ ಕೂತರು. 2008ರ ಫೆಬ್ರವರಿ 28ರಂದು ಚುನಾವಣೆಯ ಎದುರಾಳಿಗಳಲ್ಲಿ ಕಿಬಾಕಿ ಅಧ್ಯಕ್ಷ, ಒಡಿಂಗಾ ಪ್ರಧಾನಿ ಎಂಬ ರಾಜಿಯಾಯಿತು. ಹೊರದೇಶಗಳ ಒತ್ತಡವೂ ಬೆನ್ನಿಗಿತ್ತು. ಸುಮ್ನೆ ಚಹಾ ಕುಡಿದು ಆದ ರಾಜಿಯಲ್ಲ.

ನಾನಾದರೆ ಸಂಧಾನದ ಪಕ್ಷ. ಎದುರಿನವರು ಮ್ಯಾಸಿಡೋನಿಯಾ ಎತ್ತಿದರೆ ಏನು ಹೇಳುತ್ತೀಯಾ, ಅದನ್ನೇ ಮೊದಲು ಬರೆದುಕೋ ಎಂದೆ.