ತುಮಕೂರಿನ ಕಾಲೇಜು ಬಾಸ್ಕೆಟ್‌ಬಾಲ್ ಟೀಮು: ಆಟ ಜೋರು, ಗೆರೆ ಹಳೇದು

ಮೊದಲೇ ಅಂಕ ಕೊಟ್ಟುಬಿಡೋಣ: ಟೀಮಿಗೆ ಐದಕ್ಕೆ ನಾಲ್ಕು, ಅದು ದಿನಾ ಆಡುವ ಕೋರ್ಟಿಗೆ ಐದಕ್ಕೆ ಎರಡು. ಬಿ.ಎಚ್. ರಸ್ತೆ ಕಡೆಯ ಕಾಲೇಜು ಅಂದರೆ ಸಾಕು, ಹೆಸರು ಬೇಡ. ಹುಡುಗರು ಇನ್ನೂ ಓದುತ್ತಿರುವವರು.

ಪ್ರತಿಭೆಗೆ ಕೊರತೆಯಿಲ್ಲ. ರಿಂಗಿನ ಬಳಿ ಸೆಂಟರ್ ಆಡುವವನಿಗೆ ಎತ್ತರವೂ ಇದೆ, ಕಾಲೂ ಚುರುಕು. ರೀಬೌಂಡ್ (ರಿಂಗಿಗೆ ಬೀಳದೆ ಮರಳಿದ ಬಾಲ್) ಹಿಡಿದರೆ ಬಾಲನ್ನು ಸೊಂಟದವರೆಗೆ ಇಳಿಸುವುದಿಲ್ಲ, ಗದ್ದದ ಹತ್ತಿರವೇ ಇಟ್ಟುಕೊಂಡು ಪಾಸ್ ಹುಡುಕುತ್ತಾನೆ. ಈ ಮಟ್ಟದಲ್ಲಿ ಇದು ಅಪರೂಪ. ಫಾರ್ವರ್ಡ್‌ಗಳಿಬ್ಬರೂ ಡಿಫೆನ್ಸ್‌ನಲ್ಲಿ ಗಟ್ಟಿ. ಬೆಂಚು ಮಾತ್ರ ತೆಳು.

ಜನ ನೋಡಲು ಬರುವುದು ಬಾಲನ್ನು ಮುನ್ನಡೆಸುವ ಗಾರ್ಡ್‌ನ. ಎಡಗೈಯಲ್ಲೂ ಲೇಅಪ್ (ರಿಂಗಿನ ಹತ್ತಿರಕ್ಕೆ ಓಡಿ ಹಾಕುವ ಶಾಟ್) ಮುಗಿಸುತ್ತಾನೆ, ಇಬ್ಬರು ಮುತ್ತಿದರೂ ಬಾಲ್ ಬಿಟ್ಟುಕೊಡುವುದಿಲ್ಲ. ಆದರೆ ‘ಸುಮ್ ಸುಮ್ನೆ ಹೊಡೀತಾನೆ, ಪಾಸೇ ಕೊಡಲ್ಲ’ ಅನ್ನುವ ಗೊಣಗಾಟ ಗ್ಯಾಲರಿಯಲ್ಲಿ ಮಾಮೂಲು. ಗೊಣಗುವವರು ಅವನ ಕೈ ನೋಡುತ್ತಾರೆ, ನೋಡಬೇಕಾದ್ದು ಕಾಲು. ಸೆಂಟರ್ ಸ್ಕ್ರೀನ್ ಹಾಕುತ್ತಾನೆ, ಅಂದರೆ ಗಾರ್ಡನ್ನು ಕಾಯುವ ಎದುರಾಳಿಯ ದಾರಿಗೆ ಅಡ್ಡ ನಿಲ್ಲುತ್ತಾನೆ. ಎದುರಾಳಿ ಆ ಸ್ಕ್ರೀನಿನ ಹಿಂದಿನಿಂದ ಸುತ್ತಿ ಬರುವಷ್ಟರಲ್ಲಿ ಗಾರ್ಡಿಗೆ ಒಂದು ಗಳಿಗೆ ಜಾಗ ಸಿಗುತ್ತದೆ. ಒಂದೇ ಒಂದು ಡ್ರಿಬಲ್ (ಬಾಲನ್ನು ನೆಲಕ್ಕೆ ಬಡಿಯುವುದು), ಮೇಲೆದ್ದು ಶಾಟ್. ಆ ಡ್ರಿಬಲ್ ಅವನನ್ನು ಪ್ರತಿ ಸಲ ಮೂರು ಪಾಯಿಂಟಿನ ಗೆರೆಯಿಂದ ಅರ್ಧ ಮೀಟರ್ ಒಳಕ್ಕೆ ತಂದು ನಿಲ್ಲಿಸಿರುತ್ತದೆ. ಆ ಗೆರೆಯಾಚೆಯಿಂದ ಹಾಕಿದರೆ ಮೂರು ಪಾಯಿಂಟ್, ಒಳಗಿಂದ ಎರಡು.

ಕಾಲೇಜಿನ ಕೋರ್ಟಿಗೆ ಹೋಗಿ ಟೇಪ್ ಹಿಡಿದರೆ ಕಾರಣ ಗೊತ್ತಾಗುತ್ತದೆ. ಅಲ್ಲಿನ ಗೆರೆ ಇನ್ನೂ ರಿಂಗಿನ ನಡುವಿನಿಂದ 6.25 ಮೀಟರಿನದು. ಬಾಸ್ಕೆಟ್‌ಬಾಲಿನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಅದನ್ನು 2010ರಲ್ಲೇ 6.75ಕ್ಕೆ ಸರಿಸಿದೆ. ದಿನಾ ಸಂಜೆ ಮೂರು ಪಾಯಿಂಟಿಗೆಂದು ಹೊಡೆದು ರೂಢಿಯಾದ ಜಾಗದಿಂದ ಪಂದ್ಯದಲ್ಲಿ ಸಿಗುವುದು ಎರಡೇ. ಹತ್ತು ಶಾಟಿಗೆ ನಾಲ್ಕು ಬಿತ್ತು ಅಂತಿಟ್ಟುಕೊಳ್ಳಿ: ಮನೆಯಂಗಳದಲ್ಲಿ 12, ಹೊಸ ಗೆರೆಯ ಕೋರ್ಟಿನಲ್ಲಿ 8. ಅದೇ 12 ಬೇಕಾದರೆ ಹತ್ತಕ್ಕೆ ಆರು ಹಾಕಬೇಕು. ಮುಖದೆದುರು ಕೈಯಿಟ್ಟುಕೊಂಡು ಅಷ್ಟು ದೂರದಿಂದ ಆರು ಹಾಕುವುದು ಸಂಬಳ ತಗೊಂಡು ಆಡುವವರಿಗೂ ಕಷ್ಟ.

ಕಾರ್ನರ್‌ನಲ್ಲಿ ಇನ್ನೊಂದು ಪೇಚು. ಹಳೇ ಗೆರೆಗೂ ಸೈಡ್‌ಲೈನಿಗೂ ನಡುವೆ 1.25 ಮೀಟರ್ ಜಾಗವಿತ್ತು, ಈಗ 90 ಸೆಂಟಿಮೀಟರ್. ಗಾರ್ಡ್ ಒಳನುಗ್ಗಿ ಕಾರ್ನರ್‌ಗೆ ಒಳ್ಳೇ ಪಾಸ್ ಕೊಟ್ಟರೂ ಫಾರ್ವರ್ಡ್‌ನ ಹಿಮ್ಮಡಿ ಸೈಡ್‌ಲೈನ್ ಮೇಲಿರುತ್ತದೆ, ಬಾಲ್ ಎದುರಾಳಿಗೆ. ಎರಡು ಸಲ ಹೀಗಾದ ಮೇಲೆ ಪಾಸ್ ಕೊಡಲು ಯಾರಿಗೆ ಮನಸ್ಸು ಬರುತ್ತದೆ?

ಕೋರ್ಟಿಗೆ ಕೊಟ್ಟ ಎರಡು ಅಂಕ ರಿಂಗಿನದು. ಸ್ಪ್ರಿಂಗ್ ಇಲ್ಲದ, ಸರಳಿಗೆ ಸರಳು ಬೆಸೆದ ಡಬಲ್ ರಿಂಗ್. ಅಂಚಿಗೆ ತಾಗಿದ ಬಾಲ್ ದೂರ ಸಿಡಿಯುತ್ತದೆ, ಒಳಗೆ ಉರುಳುವುದು ಕಡಿಮೆ. ಹಾಗಾಗಿ ಗಾರ್ಡ್ ಎತ್ತರಕ್ಕೆ ಎಸೆಯುವುದನ್ನು ಕಲಿತಿದ್ದಾನೆ. 45 ಸೆಂಟಿಮೀಟರ್ ರಿಂಗಿಗೆ ಬಾಲ್ 45 ಡಿಗ್ರಿಯಲ್ಲಿ ಇಳಿದರೆ ಅದಕ್ಕೆ ಸಿಗುವ ಬಾಯಿ ಸುಮಾರು 32 ಸೆಂಟಿಮೀಟರ್, 30 ಡಿಗ್ರಿಯಲ್ಲಿ 22.5 ಮಾತ್ರ. ಬಾಲಿನ ಅಡ್ಡಳತೆಯೇ 24ರ ಆಸುಪಾಸು. ಇವನ ಶಾಟ್ ನೋಡಲು ಚೆಂದ ಇರುವುದು ಈ ಕೆಟ್ಟ ರಿಂಗಿನ ಕೃಪೆಯಿಂದಲೇ!

ಗೆರೆ ಸರಿಮಾಡಲು ದೊಡ್ಡ ಬಜೆಟ್ ಬೇಡ. ಎಂಡ್‌ಲೈನಿನ ಒಳ ಅಂಚಿನಿಂದ 1.575 ಮೀಟರ್ ಅಳೆದು, ರಿಂಗಿನ ನಡುವಿಗೆ ಸರಿಯಾಗಿ ಕೆಳಗೆ ಗುರುತು ಹಾಕಿ. ಅಲ್ಲಿಂದ 6.75 ಮೀಟರ್ ತಂತಿ ಹಿಡಿದು ಕಮಾನು ಎಳೆಯಿರಿ. ಹಗ್ಗ ಬೇಡ, ಎಳೆದರೆ ಹಿಗ್ಗುತ್ತದೆ. ಎರಡೂ ಬದಿಯಲ್ಲಿ ಸೈಡ್‌ಲೈನಿನಿಂದ 90 ಸೆಂಟಿಮೀಟರ್ ಬಿಟ್ಟು ನೇರ ಗೆರೆ. ಅದು ಕಮಾನಿಗೆ ಕೂಡುವುದು ಎಂಡ್‌ಲೈನಿನಿಂದ 2.99 ಮೀಟರಿನಲ್ಲಿ. ಅಲ್ಲಿ ಕೂಡದಿದ್ದರೆ ಗುರುತು ತಪ್ಪಿದೆ ಎಂದೇ ಲೆಕ್ಕ. ಈ ಅಳತೆಗಳೆಲ್ಲ ಗೆರೆಯ ಹೊರ ಅಂಚಿಗೆ; 5 ಸೆಂಟಿಮೀಟರ್ ಪಟ್ಟಿ ಅದರ ಒಳಬದಿಗೆ ಬರಬೇಕು. ಹಳೇ ಗೆರೆಯನ್ನು ನೆಲದ ಬಣ್ಣದಲ್ಲೇ ಮುಚ್ಚಿ. ಎರಡೂ ಕಾಣುತ್ತಿದ್ದರೆ ಕಾಲು ಹಳೇದಕ್ಕೇ ಹೋಗುತ್ತದೆ.

ಪೇಂಟ್ ಬರುವ ತನಕ ಕೋಚ್ ಕೈಯಲ್ಲಿರುವುದು ಒಂದೇ. ಎದುರಾಳಿ ಸ್ಕ್ರೀನಿನ ಹಿಂದೆ ಹೋದರೆ ಗಾರ್ಡ್ ಮುಂದಕ್ಕೆ ಡ್ರಿಬಲ್ ಮಾಡದೆ ಗೆರೆಯಾಚೆಯಿಂದಲೇ ಎಸೆಯಲಿ. ಮೈಮೇಲೆ ಬಂದರೆ ಒಳಗೇ ನುಗ್ಗಲಿ. ನಡುವೆ ನಿಲ್ಲುವುದು ಬೇಡ. ಕ್ವಾರ್ಟರ್‌ನಲ್ಲಿ ಎದುರಾಳಿಯ ನಾಲ್ಕು ಟೀಮ್ ಫೌಲ್ ಮುಗಿದ ಮೇಲಂತೂ ನುಗ್ಗುವುದೇ ಲಾಭ: ಐದನೇ ಫೌಲಿನಿಂದ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದೆ ಹೊಡೆಯುವ ಒಂದೊಂದು ಪಾಯಿಂಟಿನ ಶಾಟ್. ನೂರಕ್ಕೆ 65 ಹಾಕುವವನಿಗೂ ಅದು ಸರಾಸರಿ 1.3 ಪಾಯಿಂಟ್. ಆ ಅರ್ಧ ಮೀಟರ್ ಒಳಗಿನ ಶಾಟ್ ಹತ್ತಕ್ಕೆ ನಾಲ್ಕರ ಲೆಕ್ಕದಲ್ಲಿ ಕೊಡುವುದು 0.8.