ಗೋಡೆಯೊಳಗೆ ಆಪ್ಟಿಕಲ್ ಕೇಬಲ್ ಹೂಳಿಸುವ ಮುನ್ನ ಇದನ್ನು ಓದಿ

ಕಳೆದ ವರ್ಷ ಮೈಸೂರಿನ ನಮ್ಮ ಹಳೆಯ ಮನೆಯನ್ನು ದುರಸ್ತಿ ಮಾಡಿಸುವಾಗ ನಡುಮನೆಯ ಗೋಡೆ ಕೊರೆಸಿ, ಪೈಪು ಕೂರಿಸಿ, ಅದರೊಳಗೆ 12 ಮೀಟರ್ ಉದ್ದದ ಆಪ್ಟಿಕಲ್ ಆಡಿಯೊ ಕೇಬಲ್ (ಟೀವಿಯ ಧ್ವನಿಯನ್ನು ಬೆಳಕಿನ ರೂಪದಲ್ಲಿ ಒಯ್ಯುವ ಕೇಬಲ್) ಎಳೆಸಿದೆ. ಗಾರೆ ಬಳಿದು, ಬಣ್ಣ ಹೊಡೆದು ಎಲ್ಲ ಮುಗಿದ ಎರಡು ತಿಂಗಳಿಗೆ ಅದೇ ಗೋಡೆಯನ್ನು ಮತ್ತೆ ಒಡೆಸಬೇಕಾಯಿತು. ಹೊಸದಾಗಿ ಮನೆ ಕಟ್ಟಿಸುತ್ತಿರುವವರು, ಹೋಮ್ ಥಿಯೇಟರ್ ಕೊಳ್ಳಲು ಹೊರಟವರು ನನ್ನ ಹಾಗೆ ದುಡ್ಡು ಕಳೆದುಕೊಳ್ಳಬಾರದೆಂದು ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಇಷ್ಟಕ್ಕೆಲ್ಲ ಕಾರಣ ಅಪ್ಪನ ಕಿವಿ. ಅವರಿಗೆ 76 ವರ್ಷ, ಎಡಗಿವಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಟೀವಿಯಲ್ಲಿ ಹಿನ್ನೆಲೆ ಸಂಗೀತ ಏರಿದಾಗಲೆಲ್ಲ ಮಾತು ಅದರಲ್ಲಿ ಮುಳುಗಿಹೋಗುತ್ತಿತ್ತು. 5.1 ಧ್ವನಿ ವ್ಯವಸ್ಥೆಯಲ್ಲಿ (ಐದು ಸ್ಪೀಕರ್, ಒಂದು ಸಬ್‌ವೂಫರ್) ಮಾತುಕತೆಯ ಬಹುಪಾಲು ಮಧ್ಯದ ಸ್ಪೀಕರ್‌ನಿಂದ ಬರುತ್ತದೆ, ಅದೊಂದರ ದನಿಯನ್ನು ಬೇಕೆಂದಷ್ಟು ಏರಿಸಿಕೊಳ್ಳಬಹುದು. ಆ ಒಂದು ಸ್ಪೀಕರ್‌ಗಾಗಿ ನಾನು ಇಡೀ ವ್ಯವಸ್ಥೆಯನ್ನು ಕೊಂಡೆ.

ಅಂಗಡಿಯವರು ಮೂರು ಮಾತು ಹೇಳಿದರು. ಆಂಪ್ಲಿಫೈಯರ್ ಟೀವಿಯ ಹತ್ತಿರ ಇರಬೇಕೆಂದಿಲ್ಲ, ಹಿಂದಿನ ಮೂಲೆಯ ಕಪಾಟಿನಲ್ಲಿಟ್ಟು ಆಪ್ಟಿಕಲ್ ಎಳೆದರೆ ಸಾಕು ಎಂದರು. ಆಪ್ಟಿಕಲ್‌ನಲ್ಲಿ ಡಾಲ್ಬಿ ಅಟ್ಮಾಸ್ (ಸದ್ದು ತಲೆಯ ಮೇಲಿನಿಂದಲೂ ಬರುವಂತೆ ಮಾಡುವ ಧ್ವನಿ ತಂತ್ರ) ಬರುತ್ತದೆ, ಚಾವಣಿಗೂ ಎರಡು ಸ್ಪೀಕರ್ ಹಾಕಿಸಿ ಎಂದರು. ಕೇಬಲ್ ಮಾತ್ರ ಚಿನ್ನದ ಲೇಪನವಿರುವುದೇ ಬೇಕೆಂದು 4,200 ರೂಪಾಯಿ ತೆಗೆದುಕೊಂಡರು. ಮೂರೂ ತಪ್ಪು ಎಂದು ನನಗೆ ಗೊತ್ತಾಗುವಷ್ಟರಲ್ಲಿ ಗೋಡೆಯ ಬಣ್ಣ ಒಣಗಿತ್ತು.

ಮೊದಲ ಸಂಜೆ ವಾರ್ತೆ ಹಾಕಿ ಅಪ್ಪನನ್ನು ಕೂರಿಸಿದೆ. ಸ್ವಲ್ಪ ಹೊತ್ತು ಕೇಳಿ, "ಮೊದಲಿನ ಹಾಗೇ ಇದೆಯಲ್ಲ" ಎಂದರು. ಎದ್ದುಹೋಗಿ ಮಧ್ಯದ ಸ್ಪೀಕರ್‌ನ ಜಾಲರಿಗೆ ಅಂಗೈ ಒತ್ತಿ ಹಿಡಿದೆ. ಒಂದಿಷ್ಟೂ ಕಂಪನವಿಲ್ಲ. ಆಂಪ್ಲಿಫೈಯರ್‌ನ ಗಾಜಿನ ಮೇಲೆ 'ಪಿಸಿಎಂ 2.0' ಎಂಬ ಅಕ್ಷರ ಹೊಳೆಯುತ್ತಿತ್ತು. ಪಿಸಿಎಂ ಎಂದರೆ ಕುಗ್ಗಿಸದ ಡಿಜಿಟಲ್ ಧ್ವನಿ, 2.0 ಎಂದರೆ ಎಡ, ಬಲ ಎಂಬ ಎರಡು ಧ್ವನಿ ವಾಹಿನಿ. ಟೀವಿ ಎರಡೇ ವಾಹಿನಿಯ ಸ್ಟೀರಿಯೊ ಕಳಿಸುತ್ತಿತ್ತು, ಮುಂದಿನ ಎರಡು ಸ್ಪೀಕರ್ ಬಿಟ್ಟು ಉಳಿದವಕ್ಕೆ ಕೆಲಸವೇ ಇರಲಿಲ್ಲ.

ಇದಕ್ಕೆ ಮದ್ದು ಟೀವಿಯ ಸೆಟ್ಟಿಂಗ್‌ನಲ್ಲೇ ಇತ್ತು. ಧ್ವನಿಯ ವಿಭಾಗದಲ್ಲಿ 'ಡಿಜಿಟಲ್ ಔಟ್‌ಪುಟ್' ಎಂಬ ಸಾಲಿರುತ್ತದೆ. ಅದು ಪಿಸಿಎಂ ಎಂದಿದ್ದರೆ ಆಪ್ಟಿಕಲ್‌ನಲ್ಲಿ ಸ್ಟೀರಿಯೊ ಮಾತ್ರ ಹೋಗುತ್ತದೆ. 'ಆಟೊ', 'ಬಿಟ್‌ಸ್ಟ್ರೀಮ್' ಅಥವಾ 'ಡಾಲ್ಬಿ ಡಿಜಿಟಲ್' ಎಂದು ಬದಲಿಸಿದರೆ 5.1 ಹೊರಡುತ್ತದೆ. ಒಂದು ಎಚ್ಚರಿಕೆ: ಆಪ್ಟಿಕಲ್ ಸಂಕೇತವನ್ನು ಹಳೆಯ ಸ್ಪೀಕರ್‌ಗೆ ಹೊಂದಿಸುವ, ಆದರೆ ಡಾಲ್ಬಿಯನ್ನು ಬಿಡಿಸಿ ಓದಲಾರದ ಅಗ್ಗದ ಪರಿವರ್ತಕ ಪೆಟ್ಟಿಗೆ ನಿಮ್ಮಲ್ಲಿದ್ದರೆ ಈ ಬದಲಾವಣೆಯಿಂದ ಸದ್ದೇ ನಿಂತುಹೋಗಬಹುದು, ಇಲ್ಲವೇ ಕಿವಿಗಡಚಿಕ್ಕುವ ಗರಗರ ಸದ್ದು ಬರಬಹುದು. ಮೊದಲು ವಾಲ್ಯೂಮ್ ತಗ್ಗಿಸಿ, ಆಮೇಲೆ ಸೆಟ್ಟಿಂಗ್ ಮುಟ್ಟಿ.

ಬದಲಿಸಿದ ಮೇಲೆ ಟೀವಿಯೊಳಗಿನ ಆ್ಯಪ್‌ಗಳಿಂದ 5.1 ಬಂತು. ಆದರೆ ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಕೇಬಲ್) ಮೂಲಕ ಟೀವಿಗೆ ಜೋಡಿಸಿದ್ದ ಸೆಟ್‌ಟಾಪ್ ಬಾಕ್ಸ್‌ನಿಂದ ಬರಲಿಲ್ಲ. ಹೊರಗಿನ ಪೆಟ್ಟಿಗೆಯಿಂದ ಬಂದದ್ದನ್ನು ಆಪ್ಟಿಕಲ್‌ಗೆ ಸ್ಟೀರಿಯೊ ಆಗಿ ಇಳಿಸಿ ಕಳಿಸುವ ಟೀವಿಗಳು ಬಹಳ ಇವೆ. ಅಪ್ಪ ನೋಡುವುದು ಸೆಟ್‌ಟಾಪ್ ಬಾಕ್ಸ್‌ನ ಟೀವಿ ಚಾನೆಲ್‌ಗಳನ್ನೇ. ಅದನ್ನು ನೇರವಾಗಿ ಆಂಪ್ಲಿಫೈಯರ್‌ಗೆ ಜೋಡಿಸೋಣವೆಂದರೆ ಆಂಪ್ಲಿಫೈಯರ್ ಇದ್ದದ್ದು ಕೋಣೆಯ ಇನ್ನೊಂದು ತುದಿಯಲ್ಲಿ.

ಇನ್ನು ಅಟ್ಮಾಸ್. ಆಪ್ಟಿಕಲ್ ಆಡಿಯೊ ಜೋಡಣೆಯನ್ನು ತೋಷಿಬಾ ಕಂಪನಿ 1983ರಲ್ಲಿ ತಂದದ್ದು ಸಿ.ಡಿ. ಪ್ಲೇಯರ್‌ಗಳಿಗಾಗಿ. ಈ ಜೋಡಣೆಗೆ ಟಾಸ್‌ಲಿಂಕ್ ಎಂಬ ಹೆಸರು ಬಂದದ್ದೂ ತೋಷಿಬಾದಿಂದಲೇ. ಅದರಲ್ಲಿ ಹರಿಯುವ ಸಂಕೇತದ ಅಳತೆ ಎರಡು ವಾಹಿನಿಗೆ ಹೊಲಿಸಿದ ಅಂಗಿಯಂತೆ. ಸೆಕೆಂಡಿಗೆ ಧ್ವನಿಯ 48,000 ಮಾದರಿ (ಸ್ಯಾಂಪಲ್), ತಲಾ 24 ಬಿಟ್ ಎಂದರೆ ಎರಡು ವಾಹಿನಿಗೆ ಸುಮಾರು 2.3 ಮೆಗಾಬಿಟ್ ಆಗುತ್ತದೆ, ಅದು ಹಿಡಿಸುತ್ತದೆ. ಅದೇ ಗುಣಮಟ್ಟದ ಆರು ವಾಹಿನಿಗೆ 6.9 ಮೆಗಾಬಿಟ್ ಬೇಕು, ಅದು ಹಿಡಿಸುವುದಿಲ್ಲ. ಡಾಲ್ಬಿ ಡಿಜಿಟಲ್ 5.1 ಅದರಲ್ಲಿ ಹೋಗುವುದು ಹೆಚ್ಚೆಂದರೆ 640 ಕಿಲೊಬಿಟ್‌ಗೆ ಕುಗ್ಗಿಸಿಟ್ಟಿರುವುದರಿಂದ. ಅಟ್ಮಾಸ್ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಅಥವಾ ಟ್ರೂಎಚ್‌ಡಿ ಎಂಬ ಧ್ವನಿ ರೂಪಗಳ ಜೊತೆಯಲ್ಲಿ. ಟೀವಿಯ ಆಪ್ಟಿಕಲ್ ಕಿಂಡಿಯಿಂದ ಅವೆರಡೂ ಹೊರಡುವುದಿಲ್ಲ. ಕೇಬಲ್ ಎಷ್ಟೇ ದುಬಾರಿಯಾಗಿರಲಿ, ನನ್ನ ಚಾವಣಿಯ ಸ್ಪೀಕರ್‌ಗಳಿಗೆ ಅಟ್ಮಾಸ್ ತಲುಪುವ ದಾರಿಯೇ ಇರಲಿಲ್ಲ. ಅಂಗಡಿಯವರು ಇದನ್ನು ತಿಳಿಯದೆ ಹೇಳಿದರೋ, ತಿಳಿದೇ ಮಾರಿದರೋ, ನನಗಾದ ನಷ್ಟ ಒಂದೇ.

ಚಿನ್ನದ ಲೇಪನದ ಮಾತಂತೂ ನನಗೆ ಈಗಲೂ ಕೋಪ ತರಿಸುತ್ತದೆ. ಈ ಕೇಬಲ್‌ನಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆಯೊಳಗೆ ಎಲ್ಇಡಿಯ ಕೆಂಪು ಬೆಳಕು ಹಾಯುತ್ತದೆ, ಅಷ್ಟೇ. ತುದಿಯ ಲೋಹಕ್ಕೆ ಚಿನ್ನ ಬಳಿದರೆ ಬೆಳಕಿಗೆ ಏನೂ ಆಗುವುದಿಲ್ಲ.

ಕೊನೆಯ ಪೆಟ್ಟು ಬಿದ್ದದ್ದು ಒಂದೂವರೆ ತಿಂಗಳ ಮೇಲೆ. ಸದ್ದು ಕ್ಷಣಕ್ಷಣಕ್ಕೆ ಕಡಿದುಹೋಗತೊಡಗಿತು, ಮಾತಿನ ನಡುವೆ ಅಕ್ಷರಗಳೇ ಮಾಯವಾಗುತ್ತಿದ್ದವು. ರಾತ್ರಿ ದೀಪ ಆರಿಸಿ, ಆಂಪ್ಲಿಫೈಯರ್ ಕಡೆಯ ತುದಿಯನ್ನು ಕಿತ್ತು ಅಂಗೈಗೆ ಹಿಡಿದೆ. ಕಂಡೂ ಕಾಣದಷ್ಟು ಮಾಸಲು ಕೆಂಪು. ಸ್ನೇಹಿತನ ಮನೆಯಿಂದ ತಂದ ಒಂದೂವರೆ ಮೀಟರ್ ಕೇಬಲ್ ಅನ್ನು ಅದೇ ಟೀವಿಗೆ ಚುಚ್ಚಿ ಹಿಡಿದರೆ ಅಂಗೈ ಮೇಲೆ ಕುಂಕುಮದ ಬೊಟ್ಟು ಇಟ್ಟ ಹಾಗೆ ನಿಚ್ಚಳವಾದ ಚುಕ್ಕೆ. ದೋಷ ಗೋಡೆಯೊಳಗಿತ್ತು.

ಒಡೆಸಿ ನೋಡಿದಾಗ ಪೈಪು ಮೂಲೆಯಲ್ಲಿ ತಿರುಗುವ ಎಲ್ಬೋ ಒಳಗೆ ಕೇಬಲ್ ಪೂರ್ತಿ ಮಡಚಿಕೊಂಡಿತ್ತು. ಕಪ್ಪು ಹೊದಿಕೆ ಬಿರಿದ ಜಾಗದಿಂದ ಕೆಂಪು ಬೆಳಕು ಸೋರುತ್ತಿತ್ತು. ಎಲೆಕ್ಟ್ರಿಷಿಯನ್ ಮೇಲೆ ನನಗೆ ಸಿಟ್ಟಿಲ್ಲ, ಕರೆಂಟಿನ ವೈರು ಎಳೆಯುವಂತೆಯೇ ಸ್ಪ್ರಿಂಗಿಗೆ ಕಟ್ಟಿ ಎಳೆದಿದ್ದರು, ಇದು ಬೇರೆ ಜಾತಿಯದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಈ ಕೇಬಲ್ ಅನ್ನು ಕೈಬಳೆಯ ಸುತ್ತಿಗಿಂತ ಬಿಗಿಯಾಗಿ ಬಗ್ಗಿಸಬಾರದು. ತುಂಡಾದರೆ ಹೊಸೆದು ಟೇಪು ಸುತ್ತಿ ಸರಿಮಾಡಲು ಆಗದು. 5 ಮೀಟರ್‌ವರೆಗೆ ನಿಶ್ಚಿಂತೆ, 10 ಮೀಟರ್ ದಾಟಿದರೆ ಸಾಧಾರಣ ಪ್ಲಾಸ್ಟಿಕ್ ಎಳೆಯನ್ನು ನಂಬುವಂತಿಲ್ಲ. ನನ್ನದು 12 ಮೀಟರ್ ಇತ್ತು, ಮೇಲೆ ಮಡಿಕೆ ಬೇರೆ.

ಆಪ್ಟಿಕಲ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎರಡು ಉಪಕರಣಗಳ ನಡುವೆ ತಾಮ್ರದ ಸಂಪರ್ಕವೇ ಇಲ್ಲದಿರುವುದರಿಂದ ಅರ್ಥಿಂಗ್ ದೋಷದ ಗುಂಯ್ ಸದ್ದು ಅದರ ಮೂಲಕ ಬರುವುದಿಲ್ಲ. ಎಆರ್‌ಸಿ (ಟೀವಿಯ ಧ್ವನಿಯನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಹೊರಗೆ ಕಳಿಸುವ ಸೌಲಭ್ಯ) ಇಲ್ಲದ ಹಳೆಯ ಟೀವಿಗೆ ಸೌಂಡ್‌ಬಾರ್ ಜೋಡಿಸಲು ಅದು ಚೆನ್ನಾಗಿದೆ. ಆದರೆ ಅಟ್ಮಾಸ್ ಬೇಕಿದ್ದರೆ, ಟೀವಿಯ ರಿಮೋಟ್‌ನಿಂದಲೇ ದನಿ ಏರಿಳಿಸಬೇಕಿದ್ದರೆ ಟೀವಿಯ ಹಿಂದೆ ಎಆರ್‌ಸಿ ಅಥವಾ ಅದರ ಸುಧಾರಿತ ರೂಪವಾದ ಇಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಯನ್ನೇ ಬಳಸಿ.

ಹಣ ಕೇಳಲು ಹೋದಾಗ ಅಂಗಡಿಯವರು ಬಿಲ್ ತೋರಿಸಿ ಎಂದರು. ಬಿಲ್‌ನಲ್ಲಿ 'ಕೇಬಲ್' ಎಂದಷ್ಟೇ ಇತ್ತು, ಅಟ್ಮಾಸ್ ಬರುತ್ತದೆಂಬ ಮಾತು ಎಲ್ಲಿಯೂ ಇರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟ ಮೇಲೆ ಕೇಬಲ್‌ನ ಹಣ ಮಾತ್ರ ವಾಪಸ್ ಬಂತು. ಮಾರುವವರು ಬಾಯಲ್ಲಿ ಹೇಳಿದ್ದನ್ನು ನಿಮ್ಮ ಟೀವಿಯ ಮಾದರಿ ಸಂಖ್ಯೆಯ ಸಮೇತ ಬಿಲ್ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಅಲ್ಲಿ ಕೊಳ್ಳಬೇಡಿ.

ಈಗ ಆಂಪ್ಲಿಫೈಯರ್ ಟೀವಿಯ ಕೆಳಗೇ ಇದೆ. ಸೆಟ್‌ಟಾಪ್ ಬಾಕ್ಸ್ ನೇರವಾಗಿ ಅದಕ್ಕೆ, ಅಲ್ಲಿಂದ ಟೀವಿಗೆ ಎರಡು ಮೀಟರ್‌ನ ಎಚ್‌ಡಿಎಂಐ. ದೂರ ಹೋಗಬೇಕಾದ್ದು ಸ್ಪೀಕರ್‌ನ ತಾಮ್ರದ ತಂತಿ, ಅದು ಗೋಡೆಯೊಳಗೆ ಮೂಲೆ ತಿರುಗಿದರೂ ಕೆಡುವುದಿಲ್ಲ. ಮಧ್ಯದ ಸ್ಪೀಕರ್ ಅನ್ನು 4 ಡೆಸಿಬೆಲ್ ಏರಿಸಿಟ್ಟಿದ್ದೇನೆ. ಈಗ ಸಂಜೆಯ ವಾರ್ತೆಯ ಹೊತ್ತಿಗೆ ಏನು ಹೇಳಿದರೆಂದು ಅಪ್ಪ ನನ್ನನ್ನು ಕೇಳುವುದಿಲ್ಲ.

ಗೋಡೆಯೊಳಗೆ ಆಪ್ಟಿಕಲ್ ಹಾಕಿಸಲೇಬೇಕಾದವರು ಗಾರೆ ಬಳಿಸುವ ಹಿಂದಿನ ರಾತ್ರಿ ಒಂದು ತುದಿಗೆ ಮೊಬೈಲಿನ ಟಾರ್ಚ್ ಹಿಡಿದು ಇನ್ನೊಂದು ತುದಿಯನ್ನು ಕತ್ತಲಲ್ಲಿ ನೋಡಿ. ಅದಕ್ಕೂ ಮೊದಲು ಎರಡೂ ತುದಿಗಳ ಪುಟ್ಟ ಪ್ಲಾಸ್ಟಿಕ್ ಟೊಪ್ಪಿ ತೆಗೆದಿರಬೇಕು. ಬೆಳಕು ಮಂಕಾಗಿದ್ದರೆ ಮೇಸ್ತ್ರಿಗೆ ಮರುದಿನ ಬರಬೇಡಿ ಎನ್ನಿ.