ಮೂಡಿಗೆರೆ ಕಡೆಯ ಉಚಿತ ಆರೋಗ್ಯ ಶಿಬಿರ: ಸ್ವಯಂಸೇವಕನೊಬ್ಬನ ವಿಮರ್ಶೆ

ಚಿಕ್ಕಮಗಳೂರಿನ ಸೇವಾ ಸಂಸ್ಥೆಯೊಂದು ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ನಡುವಿನ ಶಾಲೆಯಲ್ಲಿ ವರ್ಷಕ್ಕೊಮ್ಮೆ ನಡೆಸುವ ಉಚಿತ ಆರೋಗ್ಯ ತಪಾಸಣಾ ಶಿಬಿರದಲ್ಲಿ ನಾನು ಸ್ವಯಂಸೇವಕನಾಗಿ ದುಡಿಯುತ್ತ ಬಂದಿದ್ದೇನೆ. ಅಲ್ಲಿಗೆ ಹೋಗಬೇಕೆಂದಿರುವ ರೋಗಿಗಳಿಗೂ, ಕೈಜೋಡಿಸಬೇಕೆಂದಿರುವವರಿಗೂ ಅನುಕೂಲವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟು: ಕಣ್ಣಿನ ವಿಭಾಗ ಅತ್ಯುತ್ತಮ, ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ವಿಭಾಗ ಪರವಾಗಿಲ್ಲ, ಉದ್ಘಾಟನಾ ಸಮಾರಂಭ ಬೇಡವೇ ಬೇಡ.

ಶಿಬಿರದ ದಿನವನ್ನು ಆರಿಸುವುದರಲ್ಲಿ ಸಂಸ್ಥೆಯವರು ಜಾಣತನ ತೋರಿಸಿದ್ದಾರೆ. ಮಳೆ ನಿಂತು, ಅರೇಬಿಕಾ ಕೊಯ್ಲು ಶುರುವಾಗುವ ಮುನ್ನ, ಅದೂ ತೋಟಗಳಿಗೆ ರಜೆ ಇರುವ ಸಂತೆಯ ದಿನವೇ ಶಿಬಿರ ನಡೆಯುವುದರಿಂದ ಲೈನ್ ಮನೆಗಳ ಕೂಲಿಯವರು ಒಂದು ದಿನದ ಸಂಬಳ ಕಳೆದುಕೊಳ್ಳದೆ ಬರಬಹುದು. ತೋಟಗಳಲ್ಲಿ ಕೂಲಿಯವರ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರುಗಳಿಗೆ ವಾರ ಮೊದಲೇ ಹೇಳಿಟ್ಟಿರುವುದರಿಂದ ಜೀಪಿನ ವ್ಯವಸ್ಥೆಯೂ ತಾನಾಗಿ ಆಗುತ್ತದೆ.

ಆದರೆ ಅಷ್ಟು ಮುತುವರ್ಜಿಯಿಂದ ಕರೆತಂದ ಜನರನ್ನು ವೇದಿಕೆಯ ಮುಂದೆ ಕೂರಿಸಿ, ಗಣ್ಯರು ಬರುವವರೆಗೆ ಕಾಯಿಸುವುದನ್ನು ಒಪ್ಪುವುದು ಕಷ್ಟ. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿರೆಂದು ಹೇಳಿದವರೇ ಹಾರ, ಶಾಲು, ವಂದನಾರ್ಪಣೆಗಳೆಲ್ಲ ಮುಗಿಯುವ ಹೊತ್ತಿಗೆ ಹನ್ನೊಂದು ಗಂಟೆ ದಾಟಿಸುತ್ತಾರೆ. ಈಗಾಗಲೇ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿರುವ ವಯಸ್ಸಾದವರನ್ನು ಅಷ್ಟು ಹೊತ್ತು ಉಪವಾಸ ಕೂರಿಸುವುದು ಅಪಾಯವೂ ಹೌದು. ಬ್ಯಾನರಿನ ಮುಂದೆ ಫೋಟೊ ತೆಗೆಸಿಕೊಳ್ಳಬೇಕಾದವರು ಸಂಜೆ ತೆಗೆಸಿಕೊಳ್ಳಲಿ.

ಕಣ್ಣಿನ ವಿಭಾಗದ ಕೆಲಸ ನೋಡುವಂಥದ್ದು. ಶಾಲೆಯ ಜಗಲಿಯಲ್ಲಿ ಹಗ್ಗ ಹಿಡಿದು ಆರು ಮೀಟರ್ ಅಳೆದು, ಗೋಡೆಗೆ ಪಟ್ಟಿ ತೂಗುಹಾಕುತ್ತಾರೆ. ಓದು ಬಾರದವರಿಗೆ ಇಂಗ್ಲಿಷಿನ 'ಇ' ಅಕ್ಷರವನ್ನೇ ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಪಟ್ಟಿ ಇದೆ. ಅದರ ಕಾಲುಗಳು ಯಾವ ಕಡೆಗಿವೆಯೆಂದು ಬೆರಳಿನಲ್ಲಿ ತೋರಿಸಿದರೆ ಸಾಕು. ಮಂಜಾಗಿ ಕಾಣುವವರಿಗೆ ಸಣ್ಣ ತೂತಿನ ಬಿಲ್ಲೆಯೊಂದನ್ನು ಕಣ್ಣಿಗೆ ಹಿಡಿದು ಮತ್ತೆ ಓದಿಸುತ್ತಾರೆ. ತೂತಿನ ಮೂಲಕ ಸ್ಪಷ್ಟವಾದರೆ ಹೆಚ್ಚಾಗಿ ಕನ್ನಡಕದಿಂದ ಸರಿಹೋಗುವ ದೋಷ. ಆಗದಿದ್ದರೆ ಪೊರೆಯೋ ಮತ್ತೊಂದೋ ಇರಬಹುದೆಂದು ವೈದ್ಯರ ಮೇಜಿಗೆ ಕಳಿಸುತ್ತಾರೆ. ಇದನ್ನು ಕಲಿಯಲು ಹೊಸ ಸ್ವಯಂಸೇವಕರಿಗೆ ಅರ್ಧ ಗಂಟೆ ಸಾಕು. ಹತ್ತಿರದ ನೋಟ ಮಂದವಾದ ನಲವತ್ತು ದಾಟಿದ ಹೆಂಗಸರಿಗೆ ಕನ್ನಡಕ ಕೊಟ್ಟ ಮೇಲೆ ಒಂದು ತಟ್ಟೆ ಅಕ್ಕಿಯನ್ನು ಮುಂದಿಟ್ಟು ಕಲ್ಲು ಆರಿಸಲು ಹೇಳುತ್ತಾರೆ. ಕಾಫಿ ಬೀಜ ಆರಿಸುವುದೇ ಕೆಲಸವಾದವರಿಗೆ ಇದಕ್ಕಿಂತ ಸರಿಯಾದ ಪರೀಕ್ಷೆ ಇಲ್ಲ.

ಪೊರೆ ಇರುವವರಿಗೆ ಶಾಲೆಯಲ್ಲೇ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಒಂದೇ ದಿನ ನೂರಾರು ಜನರ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದುದನ್ನು ನೆನೆಯುವ ಹಿರಿಯರು ಇಲ್ಲಿಯೂ ಇದ್ದಾರೆ. 'ಆಗ ಇಲ್ಲೇ ಮಾಡ್ತಿದ್ರಲ್ಲ' ಎಂದು ಕೇಳುವವರೂ ಉಂಟು. ಸೋಂಕಿನ ಭಯದಿಂದಾಗಿ ಈಗ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ದು, ಅಲ್ಲಿಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಮಸೂರ ಕೂರಿಸಿ ವಾಪಸು ತಂದುಬಿಡುವುದು ರೂಢಿ. ಈ ಶಿಬಿರದ ಹೆಚ್ಚುಗಾರಿಕೆಯೆಂದರೆ, ತಿಂಗಳ ನಂತರದ ಮರುಪರೀಕ್ಷೆಗೂ ಆಸ್ಪತ್ರೆಯ ತಂಡ ಅದೇ ಶಾಲೆಗೆ ಬರುತ್ತದೆ. ಕಣ್ಣಿಗೆ ಹನಿ ಹಾಕುವುದನ್ನು ವಾರಕ್ಕೇ ಬಿಟ್ಟವರು, ಒಲೆಯ ಹೊಗೆಯ ಮುಂದೆ ಕೂತು ಕಣ್ಣು ಕೆಂಪಾಗಿಸಿಕೊಂಡವರು ಸಿಕ್ಕಿಬೀಳುವುದು ಆವಾಗಲೇ.

ರಕ್ತಹೀನತೆಯ ಮೇಜಿನಲ್ಲಿ ಕಂಡ ಒಂದು ಮಾತುಕತೆಯನ್ನು ಇಲ್ಲಿ ಹೇಳಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ವೈದ್ಯೆ ಇದನ್ನು ವಿವರಿಸಿದಾಗ ಅಜ್ಜಿಯೊಬ್ಬರು, "ಕಾಫಿ ತೋಟದಾಗೆ ಇದ್ಕಂಡು ಕಾಫಿ ಬಿಡು ಅಂದ್ರೆ ಹೆಂಗವ್ವಾ?" ಎಂದರು. "ಬಿಡೋದು ಬೇಡ ಅಜ್ಜಿ, ಮಾತ್ರೆ ನುಂಗಿ ಒಂದು ಗಂಟೆ ಬಿಟ್ಟು ಕುಡೀರಿ, ಮಾತ್ರೆ ಜೊತೆಗೆ ನಿಂಬೆ ಪಾನಕ ಆದ್ರೆ ಒಳ್ಳೇದು" ಎಂದು ವೈದ್ಯೆ ನಗುತ್ತ ಚೀಟಿಯ ಹಿಂದೆ ಅದನ್ನೇ ಕನ್ನಡದಲ್ಲಿ ಬರೆದುಕೊಟ್ಟರು. ಇಷ್ಟು ವ್ಯವಧಾನ ಎಲ್ಲ ಮೇಜುಗಳಲ್ಲೂ ಇರುವುದಿಲ್ಲ.

ಬಿ.ಪಿ. ಮೇಜಿನ ಕಥೆ ಬೇರೆ. ಏರು ಹತ್ತಿ ಬಂದವರನ್ನು ಐದು ನಿಮಿಷವಾದರೂ ಕೂರಿಸದೆ ತೋಳಿಗೆ ಪಟ್ಟಿ ಸುತ್ತಿದರೆ ಅಂಕಿ ಮೇಲೇರಿಯೇ ಇರುತ್ತದೆ. ಕಾಲೇಜು ಹುಡುಗರಿಗೆ ಇದನ್ನು ಹೇಳಿಕೊಟ್ಟಿದ್ದರೂ ಸಾಲು ಬೆಳೆದಾಗ ಮರೆಯುತ್ತಾರೆ. 140/90 ದಾಟಿದವರನ್ನು ಮತ್ತೊಮ್ಮೆ ಅಳೆಯುವ ಪದ್ಧತಿ ಇರುವುದು ಸಮಾಧಾನ. ಇಲ್ಲಿ ನನಗಿರುವ ತಕರಾರು ಮಾತ್ರೆಯ ವಿಷಯದಲ್ಲಿ. ಬದುಕಿರುವವರೆಗೆ ನುಂಗಬೇಕಾದ ಔಷಧಿಯನ್ನು ಹತ್ತು ದಿನದ ಪೊಟ್ಟಣ ಕಟ್ಟಿ ಕೊಟ್ಟು ಕಳಿಸಿದರೆ, ಮಾತ್ರೆ ಮುಗಿದದ್ದೇ ಕಾಯಿಲೆ ಮುಗಿದಂತೆ ಎಂದು ತಿಳಿಯುವವರೇ ಹೆಚ್ಚು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ಪೊಟ್ಟಣದ ಬದಲು ಅಲ್ಲಿಗೆ ಒಂದು ಚೀಟಿ, ಆ ಊರಿನ ಆಶಾ ಕಾರ್ಯಕರ್ತೆಗೆ ಹೆಸರುಗಳ ಪಟ್ಟಿ ಕೊಟ್ಟರೆ ಶಿಬಿರದ ಕೆಲಸ ಮುಂದುವರಿಯುತ್ತದೆ. ಕಳೆದ ಸಲ ಪಟ್ಟಿ ಕೊಟ್ಟರು, ಆದರೆ ದೂರವಾಣಿ ಸಂಖ್ಯೆಗಳನ್ನು ಬರೆದುಕೊಳ್ಳುವವರು ಸಾಲದೆ ಅದು ಅರ್ಧಂಬರ್ಧವಾಗಿತ್ತು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುವುದನ್ನು ತಿಳಿಸಿ ಕಾರ್ಡು ಮಾಡಿಸಿಕೊಡುವ ಮೇಜೊಂದನ್ನೂ ಸೇರಿಸಬಹುದು.

ಸ್ವಯಂಸೇವಕರಾಗಿ ಹೋಗುವವರಿಗೆ ಊಟ, ಚಿಕ್ಕಮಗಳೂರಿನಿಂದ ವಾಹನ ಎರಡೂ ಇವೆ. ವೈದ್ಯಕೀಯ ಓದಿಲ್ಲದವರು ಔಷಧಿಯ ಮೇಜಿಗೆ ಕೈಹಾಕದಿರುವುದು ಲೇಸು. ಅಲ್ಲಿ ಫಾರ್ಮಸಿಸ್ಟರೇ ಇರಬೇಕು. ನಿಜವಾಗಿ ಕೊರತೆಯಿರುವುದು ಭಾಷೆ ಬಲ್ಲವರದು. ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳು ಬಹಳ, ಹಳೆಯ ತಮಿಳು ಕುಟುಂಬಗಳೂ ಇವೆ. ಆದ್ದರಿಂದ ಸಂಸ್ಥೆಯಲ್ಲಿ ಹೆಸರು ಬರೆಸುವಾಗ ಹಿಂದಿ, ತಮಿಳು ಅಥವಾ ಬಂಗಾಳಿ ಬರುವುದಾದರೆ ಮೊದಲೇ ಹೇಳಿ. ನೋಂದಣಿಯ ಮೇಜಿಗೇ ಹಾಕುತ್ತಾರೆ. ಶಿಬಿರ ಮುಗಿದ ಮೇಲೂ ಮನೆಯಿಂದಲೇ ಫೋನು ಮಾಡಿ, ಚೀಟಿ ಪಡೆದವರು ಆರೋಗ್ಯ ಕೇಂದ್ರಕ್ಕೆ ಹೋದರೇ ಎಂದು ವಿಚಾರಿಸಲು ಸಿದ್ಧವಿದ್ದರೆ ಅದನ್ನೂ ಅಲ್ಲೇ ತಿಳಿಸಿ, ಆ ಕೆಲಸಕ್ಕೆ ಸದ್ಯಕ್ಕೆ ಯಾರೂ ಇಲ್ಲ.